ಟ್ರೇ ಐಕಾನ್‌ನಿಂದ ಸರ್ವಿಸ್ ನಿಲ್ಲಿಸಲು ಅಡ್ಮಿನ್ ಆಗಲೇಬೇಕಾ?

ನಾನು ಮಾಡಿದ್ದು ದೊಡ್ಡ ಆ್ಯಪ್ ಏನಲ್ಲ. ಹಿನ್ನೆಲೆಯಲ್ಲಿ ಫೈಲ್‌ಗಳನ್ನು ಸಿಂಕ್ ಮಾಡುವ ಒಂದು ವಿಂಡೋಸ್ ಸರ್ವಿಸ್ (ತನ್ನದೇ ವಿಂಡೋ ಇಲ್ಲದೆ ಓಡುವ ಪ್ರೋಗ್ರಾಮ್), ಅದನ್ನು ನೋಡಿಕೊಳ್ಳಲು ಗಡಿಯಾರದ ಪಕ್ಕ ಕೂರುವ ಒಂದು ಪುಟ್ಟ ಟ್ರೇ ಆ್ಯಪ್. ಆ್ಯಪ್‌ಗೆ ಮೂರೇ ಕೆಲಸ: ಸರ್ವಿಸ್ ಓಡ್ತಾ ಇದೆಯಾ ಅಂತ ತೋರಿಸುವುದು, ಶುರು ಮಾಡುವುದು, ನಿಲ್ಲಿಸುವುದು. ಕೋಡ್ ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಮಯವೆಲ್ಲ ತಿಂದಿದ್ದು ಅನುಮತಿ.

ಕೋಡ್ ಬರೆಯುವವರ ಮಷೀನ್‌ನಲ್ಲಿ ಈ ತೊಂದರೆ ಕಾಣುವುದೇ ಇಲ್ಲ. ವಿಷುಯಲ್ ಸ್ಟುಡಿಯೋವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದರೆ, ಅಲ್ಲಿಂದ ಓಡಿಸಿದ ಆ್ಯಪ್‌ಗೂ ಅದೇ ಅಧಿಕಾರ ಸಿಗುತ್ತದೆ. ಬಳಸುವವರ ಮಷೀನ್‌ಗೆ ಹೋದ ಮೇಲೆ ಬಟನ್ ಒತ್ತಿದರೆ ಎರರ್. ಆ ಎರರ್ ಸಂದೇಶವೂ ದಾರಿ ತಪ್ಪಿಸುವಂಥದ್ದು. ಡಾಟ್‌ನೆಟ್‌ನ ಸರ್ವಿಸ್‌ಕಂಟ್ರೋಲರ್ ಕ್ಲಾಸ್ ‘ಈ ಕಂಪ್ಯೂಟರ್‌ನಲ್ಲಿ ಸರ್ವಿಸ್ ತೆರೆಯಲು ಆಗುತ್ತಿಲ್ಲ’ ಎನ್ನುವ ಅರ್ಥದ ಮಾತು ಹೇಳಿ ಸುಮ್ಮನಾಗುತ್ತದೆ. ಓದಿದವರು ಸರ್ವಿಸ್ ಇನ್‌ಸ್ಟಾಲೇ ಆಗಿಲ್ಲ ಅಂದುಕೊಳ್ಳುತ್ತಾರೆ. ನಿಜವಾದ ಕಾರಣ ಇನ್ನರ್ ಎಕ್ಸೆಪ್ಷನ್ (ಎರರ್‌ನೊಳಗೆ ಅಡಗಿದ ಮೂಲ ಎರರ್) ಒಳಗೆ, ಒಂದು ನಂಬರ್ ಆಗಿ ಕೂತಿರುತ್ತದೆ. 5 ಅಂದರೆ ಅನುಮತಿ ಇಲ್ಲ. 1060 ಅಂದರೆ ಆ ಹೆಸರಿನ ಸರ್ವಿಸ್ ಇಲ್ಲ. 1056 ಅಂದರೆ ಈಗಾಗಲೇ ಓಡುತ್ತಿದೆ, 1062 ಅಂದರೆ ಶುರುವೇ ಆಗಿಲ್ಲ. ನಾನು ಮೊದಲು ಮಾಡಿದ ಕೆಲಸ ಈ ನಂಬರನ್ನು ಲಾಗ್‌ಗೆ ಬರೆಸಿದ್ದು. ಅದಾದ ಮೇಲೆ ಊಹೆ ಮಾಡುವ ಕೆಲಸ ಉಳಿಯಲಿಲ್ಲ. ಬಂದ ದೂರುಗಳೆಲ್ಲ 5.

‘ಆದರೆ ನಾನು ಅಡ್ಮಿನ್ ಅಲ್ವಾ?’ ಅನ್ನುವುದು ಎಲ್ಲರ ಪ್ರಶ್ನೆ. ವಿಸ್ಟಾದಿಂದ ಈಚೆಗೆ ಅದು ಅರ್ಧ ಸತ್ಯ. ಯುಎಸಿ (ಅಡ್ಮಿನ್ ಕೆಲಸಕ್ಕೆ ಮುಂಚೆ ಒಪ್ಪಿಗೆ ಕೇಳುವ ವಿಂಡೋಸ್ ವ್ಯವಸ್ಥೆ) ಆನ್ ಇದ್ದರೆ, ಅಡ್ಮಿನ್ ಲಾಗಿನ್ ಆದಾಗ ವಿಂಡೋಸ್ ಎರಡು ಟೋಕನ್ (ಅಧಿಕಾರ ಎಷ್ಟು ಅಂತ ಹೇಳುವ ಗುರುತಿನ ಚೀಟಿ) ಮಾಡುತ್ತದೆ. ಒಂದು ಪೂರ್ತಿ ಅಧಿಕಾರದ್ದು, ಇನ್ನೊಂದು ಕತ್ತರಿಸಿದ್ದು. ನಾವು ಡಬಲ್ ಕ್ಲಿಕ್ ಮಾಡಿ ತೆರೆಯುವ ಆ್ಯಪ್‌ಗೆ ಸಿಗುವುದು ಕತ್ತರಿಸಿದ ಟೋಕನ್. ಅದರಲ್ಲಿ ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಹೆಸರು ಇರುತ್ತದೆ, ಆದರೆ ಬೇಡ ಅನ್ನಲು ಮಾತ್ರ ಲೆಕ್ಕಕ್ಕೆ ಬರುತ್ತದೆ, ಕೊಡಲು ಬರುವುದಿಲ್ಲ.

ಇಲ್ಲಿ ಎಲ್ಲರಿಗೂ ಹೊಳೆಯುವ ಸುಲಭದ ದಾರಿ, ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ಗೆ ಏನು ಬೇಕು ಅಂತ ವಿಂಡೋಸ್‌ಗೆ ಹೇಳುವ ಭಾಗ) ‘ರಿಕ್ವೈರ್ ಅಡ್ಮಿನಿಸ್ಟ್ರೇಟರ್’ ಅಂತ ಬರೆದುಬಿಡುವುದು. ಓಡಿಸಿ ನೋಡಿದೆ. ಬಟನ್ ಕೆಲಸ ಮಾಡಿತು, ಮಿಕ್ಕಿದ್ದು ಕೆಟ್ಟಿತು. ಲಾಗಿನ್ ಆದಾಗ ತಾನೇ ಶುರುವಾಗಬೇಕಿದ್ದ ಟ್ರೇ ಆ್ಯಪ್ ಶುರುವಾಗಲಿಲ್ಲ, ಯಾಕೆಂದರೆ ರನ್ ಕೀಯಲ್ಲಿರುವ (ಲಾಗಿನ್ ಆದಾಗ ತಾನೇ ಶುರುವಾಗುವ ಆ್ಯಪ್‌ಗಳ ಪಟ್ಟಿ) ಆ್ಯಪ್ ಅಡ್ಮಿನ್ ಅಧಿಕಾರ ಕೇಳಿದರೆ ವಿಂಡೋಸ್ ಅದನ್ನು ತಡೆಯುತ್ತದೆ. ಎಕ್ಸ್‌ಪ್ಲೋರರ್‌ನಿಂದ ಫೋಲ್ಡರ್ ಎಳೆದು ಆ್ಯಪ್ ಮೇಲೆ ಬಿಡಲು ಆಗಲಿಲ್ಲ. ಕಡಿಮೆ ಅಧಿಕಾರದ ವಿಂಡೋದಿಂದ ಜಾಸ್ತಿ ಅಧಿಕಾರದ ವಿಂಡೋಗೆ ಅಂಥ ಸಂದೇಶ ಹೋಗಲು ಬಿಡುವುದಿಲ್ಲ. ಮ್ಯಾಪ್ ಮಾಡಿದ ನೆಟ್‌ವರ್ಕ್ ಡ್ರೈವ್‌ಗಳೂ ಆ್ಯಪ್‌ಗೆ ಕಾಣದಾದವು.

ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ಬಳಸುವವರು ಅಡ್ಮಿನ್ ಅಲ್ಲದಿದ್ದರೆ, ಯುಎಸಿ ಪೆಟ್ಟಿಗೆಯಲ್ಲಿ ಬೇರೆ ಯಾರೋ ಅಡ್ಮಿನ್ ಬಂದು ಪಾಸ್‌ವರ್ಡ್ ಹಾಕಬೇಕು. ಆಗ ಆ್ಯಪ್ ಓಡುವುದು ಆ ಅಡ್ಮಿನ್ ಹೆಸರಿನಲ್ಲಿ. ಅದು ಓದುವ ರಿಜಿಸ್ಟ್ರಿ, ಆ್ಯಪ್‌ಡೇಟಾ ಫೋಲ್ಡರ್, ಸೆಟ್ಟಿಂಗ್ಸ್ ಎಲ್ಲವೂ ಅಡ್ಮಿನ್‌ರದು. ‘ನನ್ನ ಸೆಟ್ಟಿಂಗ್ಸ್ ಮಾಯವಾಗಿದೆ’ ಅನ್ನುವ ದೂರಿನ ಮೂಲ ಇದೇ. ಒಂದು ಬಟನ್‌ಗೋಸ್ಕರ ಇಡೀ ಆ್ಯಪ್‌ಗೆ ಅಡ್ಮಿನ್ ಪಟ್ಟ ಕಟ್ಟುವುದು ನನಗೆ ಸರಿ ಕಾಣಲಿಲ್ಲ. ಆ ಸಾಲನ್ನು ತೆಗೆದು, ಆ್ಯಪ್ ನಿಜವಾಗಿ ಏನು ಕೇಳುತ್ತಿದೆ ಅಂತ ನೋಡಲು ಕೂತೆ.

ನೋಡಿದರೆ ಅದು ಕೇಳುತ್ತಿದ್ದುದೇ ಜಾಸ್ತಿ. ಸ್ಥಿತಿ ನೋಡುವ ಭಾಗಕ್ಕೆ ಹಳೆಯ ಸಿ++ ಕೋಡ್ ಒಂದನ್ನು ಬಳಸಿದ್ದೆವು. ಅದು ಸರ್ವಿಸ್‌ಗಳನ್ನೆಲ್ಲ ನೋಡಿಕೊಳ್ಳುವ ವಿಂಡೋಸ್‌ನ ಸರ್ವಿಸ್ ಮ್ಯಾನೇಜರ್‌ನ್ನೂ ಸರ್ವಿಸ್‌ನ್ನೂ ‘ಆಲ್ ಆಕ್ಸೆಸ್’ ಕೇಳಿ ತೆರೆಯುತ್ತಿತ್ತು. ಬೇಕಿರುವುದು ಬರೀ ಸ್ಥಿತಿ, ಕೇಳುವುದು ಡಿಲೀಟ್ ಮಾಡುವ ಹಕ್ಕನ್ನೂ ಸೇರಿಸಿ. ವಿಂಡೋಸ್ ಇದರಲ್ಲಿ ಚೌಕಾಸಿ ಮಾಡುವುದಿಲ್ಲ. ಕೇಳಿದ್ದರಲ್ಲಿ ಒಂದು ಹಕ್ಕು ಇಲ್ಲದಿದ್ದರೂ ಇಡೀ ಹ್ಯಾಂಡಲ್ (ಸರ್ವಿಸ್ ಬಳಸಲು ಬೇಕಾದ ಹಿಡಿ) ಸಿಗದು, ಮತ್ತೆ 5. ಮ್ಯಾನೇಜರ್‌ಗೆ ಬರೀ ‘ಕನೆಕ್ಟ್’, ಸರ್ವಿಸ್‌ಗೆ ಬರೀ ‘ಕ್ವೆರಿ ಸ್ಟೇಟಸ್’ ಅಂತ ಬದಲಿಸಿದೆ. ಮಾಮೂಲಿ ಯೂಸರ್‌ಗೂ ಸ್ಥಿತಿ ಕಾಣತೊಡಗಿತು. ಯಾವ ಸೆಟ್ಟಿಂಗನ್ನೂ ಮುಟ್ಟಬೇಕಾಗಲಿಲ್ಲ.

ಇನ್ನು ಶುರು, ನಿಲ್ಲಿಸು. ಪ್ರತಿ ಸರ್ವಿಸ್‌ಗೂ ಅದರದೇ ಅನುಮತಿ ಪಟ್ಟಿ ಇರುತ್ತದೆ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಫೈಲ್‌ಗೆ ಇರುವಂತೆ ‘ಸೆಕ್ಯುರಿಟಿ’ ಟ್ಯಾಬ್ ಇದಕ್ಕೆ ಸರ್ವಿಸಸ್ ವಿಂಡೋದಲ್ಲಿ ಇಲ್ಲ. ನೋಡಲು ‘ಎಸ್‌ಸಿ’ ಕಮಾಂಡ್‌ನ ‘ಎಸ್‌ಡಿಶೋ’ ಬಳಸಬೇಕು. ಒಂದು ಎಚ್ಚರಿಕೆ: ಹಳೆಯ ವಿಂಡೋಸ್ ಪವರ್‌ಶೆಲ್‌ನಲ್ಲಿ ಬರೀ ‘ಎಸ್‌ಸಿ’ ಅಂದರೆ ಫೈಲ್‌ಗೆ ಬರೆಯುವ ಸೆಟ್ ಕಂಟೆಂಟ್ ಕಮಾಂಡ್. ಎರರ್ ಏನೂ ಬರುವುದಿಲ್ಲ, ಸುಮ್ನೆ ‘ಎಸ್‌ಡಿಶೋ’ ಅನ್ನುವ ಹೆಸರಿನ ಒಂದು ಫೈಲ್ ಹುಟ್ಟಿಕೊಳ್ಳುತ್ತದೆ. ಕೊನೆಗೆ ಡಾಟ್ ಇಎಕ್ಸ್‌ಇ ಸೇರಿಸಿ ಬರೆದರೆ ಸರಿ.

ಬರುವ ಉತ್ತರ ಬ್ರಾಕೆಟ್‌ಗಳ ಮಧ್ಯೆ ಎರಡೆರಡು ಅಕ್ಷರಗಳ ಸಾಲು. ಮೊದಲ ನೋಟಕ್ಕೆ ಬೆಚ್ಚಿಬೀಳಿಸುತ್ತದೆ, ಆದರೆ ನಮಗೆ ಬೇಕಾದ್ದು ಸ್ವಲ್ಪವೇ. ‘ಬಿಎ’ ಅಂದರೆ ಅಡ್ಮಿನ್‌ಗಳು, ‘ಎಸ್‌ವೈ’ ಅಂದರೆ ಸಿಸ್ಟಮ್, ‘ಐಯು’ ಅಂದರೆ ಮಷೀನ್ ಮುಂದೆ ಲಾಗಿನ್ ಆಗಿ ಕೂತವರು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬಂದವರೂ ಇದರಲ್ಲೇ ಸೇರುತ್ತಾರೆ. ‘ಆರ್‌ಪಿ’ ಅಂದರೆ ಶುರು ಮಾಡುವ ಹಕ್ಕು, ‘ಡಬ್ಲ್ಯೂಪಿ’ ಅಂದರೆ ನಿಲ್ಲಿಸುವ ಹಕ್ಕು. ಐಯು ಸಾಲಿನಲ್ಲಿ ಈ ಎರಡೂ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ 5ಕ್ಕೆ ಕಾರಣ ಅಷ್ಟೇ.

ಐಯುಗೇ ಕೊಟ್ಟುಬಿಡಬಹುದಿತ್ತು. ನಾನು ಕೊಡಲಿಲ್ಲ. ಒಂದು ಲೋಕಲ್ ಗ್ರೂಪ್ ಮಾಡಿ, ಅದರ ಎಸ್‌ಐಡಿಗೆ (ವಿಂಡೋಸ್ ಕೊಡುವ ಗುರುತಿನ ಸಂಖ್ಯೆ) ಒಂದು ಹೊಸ ಸಾಲು ಸೇರಿಸಿದೆ: ಸ್ಥಿತಿ ನೋಡು, ಶುರು ಮಾಡು, ನಿಲ್ಲಿಸು. ಬರೆಯುವ ಕಮಾಂಡ್ ‘ಎಸ್‌ಡಿಸೆಟ್’. ಅದು ಸೇರಿಸುವುದಿಲ್ಲ, ಇದ್ದ ಪಟ್ಟಿಯನ್ನು ಬದಲಿಸುತ್ತದೆ. ಹಾಗಾಗಿ ಮೊದಲು ಪೂರ್ತಿ ಸಾಲನ್ನು ನಕಲು ಮಾಡಿ ಎತ್ತಿಟ್ಟುಕೊಂಡು, ಎಸ್ ಅಕ್ಷರದಿಂದ ಶುರುವಾಗುವ ಆಡಿಟ್ ಭಾಗಕ್ಕಿಂತ ಮುಂಚೆ ನಮ್ಮದನ್ನು ತುರುಕಬೇಕು. ಇದನ್ನೆಲ್ಲ ಇನ್‌ಸ್ಟಾಲರ್ ಒಳಗೇ ಮಾಡಿಸಿದೆ, ಅದಕ್ಕೆ ಹೇಗೂ ಅಡ್ಮಿನ್ ಅಧಿಕಾರ ಇರುತ್ತದೆ. ಗ್ರೂಪ್‌ಗೆ ಸೇರಿಸಿದ ಮೇಲೂ ಕೆಲಸ ಆಗಲಿಲ್ಲ ಅಂತ ಕೆಲವರು ಹೇಳಿದರು. ಲಾಗೌಟ್ ಆಗಿ ಬಂದರೆ ಆಗುತ್ತದೆ. ಟೋಕನ್ ಹುಟ್ಟುವುದೇ ಲಾಗಿನ್ ಹೊತ್ತಿಗೆ.

ಈ ಪಟ್ಟಿಯಲ್ಲಿ ಕೈ ಹಾಕಬಾರದ ಅಕ್ಷರಗಳೂ ಇವೆ. ‘ಡಿಸಿ’ ಅಂದರೆ ಸರ್ವಿಸ್‌ನ ಕಾನ್ಫಿಗರೇಷನ್ ಬದಲಿಸುವ ಹಕ್ಕು. ಅದಿದ್ದವರು ಸರ್ವಿಸ್ ಓಡಿಸುವ ಪ್ರೋಗ್ರಾಮ್‌ನ ಪಾತ್ ಬದಲಿಸಿ ತಮ್ಮದೊಂದನ್ನು ಇಡಬಹುದು. ಸರ್ವಿಸ್ ಲೋಕಲ್ ಸಿಸ್ಟಮ್ ಆಗಿ ಓಡುತ್ತಿದ್ದರೆ ಇಡೀ ಮಷೀನ್ ಅವರದು. ‘ಡಬ್ಲ್ಯೂಡಿ’ (ಅನುಮತಿ ಪಟ್ಟಿ ಬದಲಿಸುವ ಹಕ್ಕು), ‘ಡಬ್ಲ್ಯೂಓ’ (ಒಡೆಯರನ್ನು ಬದಲಿಸುವ ಹಕ್ಕು) ಕೂಡ ಅಷ್ಟೇ ಅಪಾಯ. ಅವಿದ್ದರೆ ಡಿಸಿಯನ್ನು ತಾವೇ ಕೊಟ್ಟುಕೊಳ್ಳಬಹುದು. ಕಿರಿಕಿರಿ ತಪ್ಪಲಿ ಅಂತ ಎಲ್ಲರಿಗೂ ಎಲ್ಲ ಹಕ್ಕನ್ನೂ ಕೊಟ್ಟ ಸರ್ವಿಸ್‌ಗಳನ್ನು ನಾನು ನೋಡಿದ್ದೇನೆ. ಹಾಗೆ ಕೊಡುವುದಕ್ಕಿಂತ ಯುಎಸಿ ಪೆಟ್ಟಿಗೆಯೇ ವಾಸಿ.

ಐಯು ಸಾಲನ್ನು ಓದುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ‘ಸಿಆರ್’. ಇದು ಡೀಫಾಲ್ಟ್ ಆಗಿಯೇ ಅಲ್ಲಿರುತ್ತದೆ. 128ರಿಂದ 255ರವರೆಗಿನ, ನಾವೇ ಅರ್ಥ ಕೊಡುವ ಕಂಟ್ರೋಲ್ ನಂಬರ್‌ಗಳನ್ನು ಸರ್ವಿಸ್‌ಗೆ ಕಳಿಸುವ ಹಕ್ಕು ಅದು. ಡಾಟ್‌ನೆಟ್‌ನಲ್ಲಿ ಆ್ಯಪ್ ಕಡೆ ‘ಎಕ್ಸಿಕ್ಯೂಟ್ ಕಮಾಂಡ್’, ಸರ್ವಿಸ್ ಕಡೆ ‘ಆನ್ ಕಸ್ಟಮ್ ಕಮಾಂಡ್’. ಆಮೇಲೆ ಯೋಚಿಸಿದೆ: ಜನ ‘ನಿಲ್ಲಿಸು’ ಒತ್ತುವುದು ಯಾಕೆ? ಸಿಂಕ್ ಸ್ವಲ್ಪ ಹೊತ್ತು ಸುಮ್ಮನಿರಲಿ ಅಂತ. ಪ್ರಾಸೆಸ್ ಸಾಯಲೇಬೇಕು ಅಂತ ಯಾರೂ ಬಯಸುವುದಿಲ್ಲ. 128 ಬಂದರೆ ಸಿಂಕ್ ತಡೆ, 129 ಬಂದರೆ ಮುಂದುವರಿಸು ಅಂತ ಬರೆದೆ. ಅನುಮತಿ ಪಟ್ಟಿ ಮುಟ್ಟದೆ, ಯುಎಸಿ ಇಲ್ಲದೆ, ಮಾಮೂಲಿ ಯೂಸರ್‌ಗೂ ಕೆಲಸ ಮಾಡಿತು. ಲಾಗಿನ್ ಆದ ಯಾರು ಬೇಕಾದರೂ ಈ ನಂಬರ್ ಕಳಿಸಬಹುದು ಅನ್ನುವುದನ್ನು ನೆನಪಿಟ್ಟು, ಅಪಾಯದ ಕೆಲಸಗಳನ್ನು ಇದಕ್ಕೆ ಕಟ್ಟಬಾರದು. ಡೇಟಾ ಏನೂ ಕಳಿಸಲಾಗದು, ನಂಬರ್ ಮಾತ್ರ. ಡೇಟಾ ಬೇಕಿದ್ದರೆ ನೇಮ್ಡ್ ಪೈಪ್ (ಎರಡು ಪ್ರೋಗ್ರಾಮ್‌ಗಳು ಡೇಟಾ ಕಳಿಸಿಕೊಳ್ಳುವ ದಾರಿ) ಇದೆ. ಆದರೆ ಸಿಸ್ಟಮ್ ಆಗಿ ಓಡುವ ಸರ್ವಿಸ್ ಮಾಡಿದ ಪೈಪ್‌ನ್ನು ಮಾಮೂಲಿ ಯೂಸರ್ ಡೀಫಾಲ್ಟ್ ಆಗಿ ಓದಬಹುದೇ ಹೊರತು ಬರೆಯಲಾಗದು. ಅಲ್ಲೂ ಪರ್ಮಿಷನ್ ಬರೆದೇ ಶುರು ಮಾಡಬೇಕು.

ಲಿನಕ್ಸ್‌ಗೆ ಇದೇ ಆ್ಯಪ್ ಒಯ್ದಾಗ ಗೋಳು ಬೇರೆ ವೇಷದಲ್ಲಿ ಬಂತು. ಟರ್ಮಿನಲ್‌ನಲ್ಲಿ ಸಿಸ್ಟಮ್‌ಡಿ (ಅಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವುದು ಇದೇ) ಪಾಸ್‌ವರ್ಡ್ ಕೇಳುತ್ತದೆ. ಆ್ಯಪ್‌ನಿಂದ ಡಿ-ಬಸ್ (ಪ್ರೋಗ್ರಾಮ್‌ಗಳು ಮಾತಾಡಿಕೊಳ್ಳುವ ದಾರಿ) ಮೂಲಕ ಕರೆದರೆ ಕೇಳದೆ ‘ಇಂಟರಾಕ್ಟಿವ್ ಅಥೆಂಟಿಕೇಷನ್ ರಿಕ್ವೈರ್ಡ್’ ಅಂತ ವಾಪಸ್ ಕಳಿಸುತ್ತದೆ. ಕೇಳಬಹುದು ಅನ್ನುವ ಫ್ಲ್ಯಾಗನ್ನು ಕರೆಯಲ್ಲೇ ಹಾಕಬೇಕು. ಅನುಮತಿ ತೀರ್ಮಾನಿಸುವ ಪೋಲ್‌ಕಿಟ್‌ನ ಪರವಾಗಿ ಪಾಸ್‌ವರ್ಡ್ ಕೇಳುವ ಏಜೆಂಟ್ ಓಡುತ್ತಿರಬೇಕು ಕೂಡ. ಬೋಳು ವಿಂಡೋ ಮ್ಯಾನೇಜರ್ ಬಳಸುವವರಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ. ಪಾಸ್‌ವರ್ಡೇ ಬೇಡ ಅಂದರೆ ಪೋಲ್‌ಕಿಟ್ ರೂಲ್ ಬರೆಯಬಹುದು, ಆದರೆ ಅದರಲ್ಲಿ ಯೂನಿಟ್ (ಅಂದರೆ ಸರ್ವಿಸ್) ಹೆಸರನ್ನೂ ಕ್ರಿಯೆಯನ್ನೂ ನೋಡಿಯೇ ಹೂಂ ಅನ್ನಬೇಕು. ಇಲ್ಲದಿದ್ದರೆ ಎಲ್ಲ ಸರ್ವಿಸ್‌ಗಳ ಕೀಲಿ ಕೊಟ್ಟ ಹಾಗೆ. ನಮ್ಮ ಸಿಂಕ್‌ಗೆ ರೂಟ್ ಬೇಕೇ ಇರಲಿಲ್ಲ, ಹಾಗಾಗಿ ಅದನ್ನು ಬಳಸುವವರ ಹೆಸರಿನಲ್ಲೇ ಓಡುವ ಯೂಸರ್ ಸರ್ವಿಸ್ ಮಾಡಿದೆ. ಪ್ರಶ್ನೆಯೇ ಉಳಿಯಲಿಲ್ಲ.

ವಿಂಡೋಸ್‌ನಲ್ಲಿ ಈಗ ಆ್ಯಪ್ ತೆರೆದುಕೊಂಡಾಗ ‘ನಿಲ್ಲಿಸು’ ಹಕ್ಕು ಕೇಳಿ ಸರ್ವಿಸ್ ತೆರೆದು ನೋಡುತ್ತದೆ. ಸಿಕ್ಕರೆ ಬಟನ್ ಮಾಮೂಲಿ. 5 ಬಂದರೆ ಬಟನ್ ಮೇಲೆ ಗುರಾಣಿ ಚಿತ್ರ, ಅಂದರೆ ಅಡ್ಮಿನ್ ಅಧಿಕಾರ ಬೇಕು ಅನ್ನುವ ಗುರುತು. ಒತ್ತಿದರೆ ಒಂದು ಪುಟ್ಟ ಬೇರೆ ಪ್ರೋಗ್ರಾಮ್ ಮಾತ್ರ ಅಡ್ಮಿನ್ ಆಗಿ ಓಡಿ, ಕೆಲಸ ಮುಗಿಸಿ ಹೋಗುತ್ತದೆ. ಯುಎಸಿಗೆ ‘ನೋ’ ಅಂದರೆ 1223 ಬರುತ್ತದೆ, ಅದನ್ನು ಎರರ್ ಅಂತ ತೋರಿಸುವುದಿಲ್ಲ. ಬಾಕಿ ಇದ್ದ ಒಂದು ದೂರು ಅಪ್‌ಡೇಟ್ ಆದ ಮೇಲೆ ಬಟನ್ ಮತ್ತೆ ಕೈಕೊಡುತ್ತದೆ ಅನ್ನುವುದು. ಹೊಸ ಆವೃತ್ತಿಯ ಇನ್‌ಸ್ಟಾಲರ್ ಸರ್ವಿಸ್‌ನ್ನು ಡಿಲೀಟ್ ಮಾಡಿ ಮತ್ತೆ ಹುಟ್ಟಿಸುತ್ತಿತ್ತು, ಅದರ ಜೊತೆ ನಮ್ಮ ಅನುಮತಿ ಸಾಲೂ ಹೋಗುತ್ತಿತ್ತು. ಈಗ ಪ್ರತಿ ಅಪ್‌ಡೇಟ್‌ನ ಕೊನೆಗೆ ಎಸ್‌ಡಿಸೆಟ್ ಇನ್ನೊಮ್ಮೆ ಓಡುತ್ತದೆ.