ಅಟ್ಟಕ್ಕೆ ಬೆಂಕಿ ಏರದಂತೆ ಸಂದು ಮುಚ್ಚುವುದು ಹೇಗೆ?

ಕಲಬುರಗಿಯ ಬ್ರಹ್ಮಪುರದ ಹಳೆಯ ವಾಡೆಯೊಂದರಲ್ಲಿ ತೊಲೆಗಳಿಗೆಲ್ಲ ವಾರ್ನಿಶ್ ಹೊಡೆಸಿ, ‘ಇನ್ನ ಬೆಂಕಿ ಹತ್ತಂಗಿಲ್ರೀ’ ಎಂದು ಮನೆಯವರು ನಿಶ್ಚಿಂತರಾಗಿದ್ದರು. ವಾರ್ನಿಶ್ ತಾನೇ ಉರಿಯುವಂಥದ್ದು. ವೈರು ಎಳೆಯಲು ಹಲಗೆಯಲ್ಲಿ ಕೊರೆದ ಮುಷ್ಟಿಗಾತ್ರದ ತೂತು ಹಾಗೇ ಬಾಯಿ ತೆರೆದಿತ್ತು.

1. ಅಳತೆ ತೆಗೆಯಿರಿ. ತೇಗದಂಥ ಗಟ್ಟಿ ಮರ ನಿಮಿಷಕ್ಕೆ ಸುಮಾರು ಅರ್ಧ ಮಿ.ಮೀ. ಕರಕಲಾಗುತ್ತದೆ, ಆ ಇದ್ದಿಲ ಪದರವೇ ಒಳಮರಕ್ಕೆ ಕಂಬಳಿ. ಆರಿಂಚಿನ ತೊಲೆ ಎರಡೂ ಮಗ್ಗುಲಿಂದ ಅರ್ಧ ಗಂಟೆ ಉರಿದರೂ ನಾಲ್ಕೂವರೆ ಇಂಚಿಗೂ ಮಿಕ್ಕಿ ಉಳಿಯುತ್ತದೆ. ತೊಲೆಗಳ ಮೇಲೆ ಅಡ್ಡ ಕೂತು ಹಲಗೆ ಹೊರುವ ಎರಡಿಂಚಿನ ಜಂತಿಯಲ್ಲಿ ಉಳಿಯುವುದು ಮುಕ್ಕಾಲು ಇಂಚು. ಕಾಯಬೇಕಾದದ್ದು ಜಂತಿಯನ್ನು.

2. ಹಳೆಯ ವೈರು ಕಿತ್ತು ಹೊಸದು ಎಳೆಸಿ, ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಕಡಿದುಹಾಕುವ ಸ್ವಿಚ್ಚು) ಹಾಕಿಸಿ.

3. ಸಂದು ಮುಚ್ಚಿ. ಎಲ್ಲರೂ ಎಡವುವುದು ಇಲ್ಲೇ. ಹಲಗೆಯ ಬಿರುಕು, ವೈರಿನ ತೂತು, ತೊಲೆ ಗೋಡೆ ಹೊಗುವ ಜಾಗ, ಈ ಮೂರರಿಂದ ಬಿಸಿಗಾಳಿ ನುಗ್ಗಿ ಹಲಗೆಯನ್ನು ಮೇಲಿನಿಂದಲೂ ಸುಡುತ್ತದೆ. ಮೊದಲು ಜೇಡರಬಲೆ, ಇಲಿ ತಂದಿಟ್ಟ ಚಿಂದಿ ಎಲ್ಲ ತೆಗೆಯಿರಿ. ಗೌಂಡಿ ‘ಒಳಗ ಯಾರ್ ನೋಡ್ತಾರ್ರೀ’ ಅಂದರೂ ಬಿಡಬೇಡಿ. ಹಲಗೆಯ ಬಿರುಕಿಗೆ ಮರದ ಪಟ್ಟಿ ಬಡಿಸಿ. ತೂತಿಗೆ ರಾಕ್‌ವುಲ್ (ಕಲ್ಲು ಕರಗಿಸಿ ತೆಗೆದ, ಉರಿಯದ ಎಳೆಗಳ ಉಣ್ಣೆ) ಬಿಗಿಯಾಗಿ ತುರುಕಿಸಿ. ಬೆರಳಿಂದ ಎಳೆದರೆ ಬರಬಾರದು. ಮೇಲೆ ಸುಣ್ಣದ ಗಾರೆ. ತೊಲೆಯ ತುದಿಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಕೂತು ಮರ ಕೊಳೆಯುತ್ತದೆ, ಹಾಗಾಗಿ ನನ್ನ ಮತ ಸುಣ್ಣಕ್ಕೇ. ಡಬ್ಬಿಯಿಂದ ಉಬ್ಬಿ ಬರುವ ಹಳದಿ ಫೋಮ್ ಸುಲಭವೇನೋ ಹೌದು, ಆದರೆ ಮಾಮೂಲಿ ಫೋಮ್ ತಾನೇ ಉರಿಯುತ್ತದೆ. ಮುಗಿದ ಮೇಲೆ ರಾತ್ರಿ ಕೆಳಗೆ ದೊಡ್ಡ ಬಲ್ಬು ಹಚ್ಚಿ, ಅಟ್ಟದ ದೀಪ ಆರಿಸಿ ಮೇಲೆ ಕೂತು ನೋಡಿ. ಬೆಳಕಿನ ಗೆರೆ ಕಂಡಲ್ಲಿ ಮತ್ತೆ ಕೆಲಸವಿದೆ.

4. ಜಂತಿಯ ಕೆಳಗೆ ಬೆಂಕಿ ತಡೆಯುವ ಗುಲಾಬಿ ಬಣ್ಣದ ಜಿಪ್ಸಂ ಬೋರ್ಡು, ಅರ್ಧ ಇಂಚಿನದು, ಎರಡು ಪದರ. ಜಿಪ್ಸಂನಲ್ಲಿ ತೂಕದ ಐದನೇ ಒಂದು ಪಾಲು ನೀರೇ ಬೆರೆತಿರುತ್ತದೆ. ಅದು ಆವಿಯಾಗಿ ಹೋಗುವವರೆಗೆ ಜಂತಿಗೆ ಬಿಸಿ ತಟ್ಟುವುದು ನಿಧಾನ. ಒಂದು ಪದರದ ಜೋಡಣೆಯ ಮೇಲೆ ಇನ್ನೊಂದರದ್ದು ಬರಬಾರದು. ಎರಡನೇ ಪದರಕ್ಕೆ ಎರಡಿಂಚಿನ ಸ್ಕ್ರೂ ಬೇಕು, ಚಿಕ್ಕದಾದರೆ ಬೋರ್ಡು ಬೇಗ ಕಳಚಿ ಬೀಳುತ್ತದೆ. ಪಿವಿಸಿ ಸೀಲಿಂಗ್ ಬೇಡವೇ ಬೇಡ.

ಬೋರ್ಡು ತರಿಸುವ ಮೊದಲು ಪ್ರತಿ ಜಂತಿಗೂ ಸುತ್ತಿಗೆ ತಟ್ಟಿ ನೋಡಿ. ಹತ್ತಡಿಗೆ ಹತ್ತಡಿ ಕೋಣೆಯಲ್ಲಿ ಎರಡು ಪದರದ ಭಾರ ಹೆಚ್ಚುಕಮ್ಮಿ ಎರಡು ಕ್ವಿಂಟಲ್. ಗೆದ್ದಲು ತಿಂದ ಜಂತಿ ಟೊಳ್ಳು ಸದ್ದು ಕೊಟ್ಟರೆ ಅದನ್ನು ಮೊದಲು ಬದಲಿಸಿ.