ಉಡುಪಿಯ ಸೆಕೆಯಲ್ಲಿ ಕಾಡು ಸ್ಟ್ರಾಬೆರಿ: ನನ್ನ ಅನುಭವ

"ಗಿಡಕ್ಕೂ ಏಸಿ ಹಾಕಿಸ್ತೀರಾ ಮಾರಾಯ್ರೆ?" ಅಂತ ನಕ್ಕವರು ಪಕ್ಕದ ಮನೆಯ ಅಕ್ಕ. ಅವರ ತಾರಸಿಯಲ್ಲಿ ನಲವತ್ತು ಕುಂಡ ಮಲ್ಲಿಗೆ ಉಂಟು, ಹಾಗಾಗಿ ನಗುವ ಹಕ್ಕೂ ಉಂಟು.

ನಾನು ಬೆಳೆಸಿದ್ದು ಅಂಗಡಿಯ ದಪ್ಪ ಹಣ್ಣಲ್ಲ. ಯುರೋಪಿನ ಕಾಡಂಚಿನ ಸ್ಟ್ರಾಬೆರಿ, ಫ್ರಗೇರಿಯಾ ವೆಸ್ಕಾ, ಅದರಲ್ಲೂ ಬಳ್ಳಿ ಬಿಡದ ಆಲ್ಪೈನ್ ಜಾತಿ. ಹಣ್ಣು ಬೆರಳ ಉಗುರಿನಷ್ಟು. ಪರಿಮಳ ಮಾತ್ರ ಇಡೀ ಮನೆಗೆ ಸಾಕು.

ಮೊದಲ ಸಲ ಊಟಿಯ ರಸ್ತೆ ಬದಿಯಿಂದ ಒಂದು ಗಿಡ ಕಿತ್ತು ತಂದಿದ್ದೆ. ಹೂವು ಹಳದಿ, ಹಣ್ಣು ಕೆಂಪು, ರುಚಿ ಬರೀ ನೀರು. ಅದು ಹುಸಿ ಸ್ಟ್ರಾಬೆರಿ. ಅಸಲಿಯ ಹೂವು ಬಿಳಿ, ಅಷ್ಟೂ ಗೊತ್ತಿರಲಿಲ್ಲ ನನಗೆ. ಆಮೇಲೆ ಸುಮಾರು ಇನ್ನೂರು ರೂಪಾಯಿಯ ಬೀಜದ ಪ್ಯಾಕೆಟ್ ತರಿಸಿದೆ. ಹರಿವೆಯ ಹಾಗೆ ಮಣ್ಣು ಮುಚ್ಚಿದೆ. ಒಂದೂ ಹುಟ್ಟಲಿಲ್ಲ. ಇನ್ನೊಂದು ಪ್ಯಾಕೆಟ್, ಅದೇ ಕತೆ. ಈ ಬೀಜಕ್ಕೆ ಬೆಳಕು ಬೇಕು.

ಮೂರನೇ ವರ್ಷ ಮೂವತ್ತು ಗಿಡ ಆಯಿತು. ಮಳೆಗಾಲ ದಾಟಿಸುವ ಹಟ ಹಿಡಿದು ಶೀಟು, ಪೈಪು ಅಂತ ಮೂರೂವರೆ ಸಾವಿರ ಸುರಿದೆ. ಜುಲೈ ಮುಗಿಯುವಷ್ಟರಲ್ಲಿ ಬುಡ ಕೊಳೆತು ಉಳಿದದ್ದು ಎರಡೋ ಮೂರೋ. ಅವತ್ತೇ ತಲೆಗೆ ಹೋಯಿತು: ತನ್ನ ಊರಲ್ಲಿ ವರ್ಷಗಟ್ಟಲೆ ಬದುಕುವ ಗಿಡವಾದರೂ ಇಲ್ಲಿ ಇದು ಅಲಸಂಡೆಯ ಹಾಗೆ ಒಂದೇ ಹಂಗಾಮಿನ ಬೆಳೆ. ಉಳಿಸಲು ಹೋಗಲೇಬಾರದು.

ಈಗ ಆಗಸ್ಟ್‌ನಲ್ಲಿ ಬೀಜವನ್ನು ಒದ್ದೆ ಟಿಶ್ಯೂನಲ್ಲಿ ಸುತ್ತಿ ನಾಲ್ಕು ವಾರ ಫ್ರಿಜ್‌ನಲ್ಲಿ ಇಡುತ್ತೇನೆ. (ಒಮ್ಮೆ ಅಮ್ಮ ಕಸ ಅಂತ ಎಸೆದಿದ್ದರು.) ಸೆಪ್ಟೆಂಬರ್ ಮೊದಲ ವಾರ ಸ್ವೀಟ್ ಬಾಕ್ಸಿನಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಬೀಜ ಮೇಲೆ ಒತ್ತಿ ಬಿಡುವುದು, ಮುಚ್ಚುವ ಹಾಗಿಲ್ಲ. ಮಳೆ ಕಡಿಮೆಯಾದ ಮೇಲೆ ಕುಂಡಕ್ಕೆ. ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ, ನಾರಿನ ಪುಡಿ. ಅಳತೆ ನಿಮ್ಮ ಕೈಗೆ ಬಿಟ್ಟದ್ದು. ಸಂಜೆ ನೀರಿಗೆ ಒಂದು ವಸ್ತು ಸೇರಿಸುತ್ತೇನೆ, ಅದನ್ನು ಮಾತ್ರ ಹೇಳುವುದಿಲ್ಲ.

ಮಣ್ಣಿನ ಕುಂಡವನ್ನು ಒದ್ದೆ ಮರಳಿನ ದೊಡ್ಡ ಕುಂಡದೊಳಗೆ ಇಟ್ಟೂ ನೋಡಿದೆ. ಬೇರು ತಂಪಾಗಿತ್ತು, ಆದರೆ ಮರಳಲ್ಲಿ ಇರುವೆ ಸಂಸಾರ ಹೂಡಿತು. ಬಿಳಿ ಹಣ್ಣಿನ ಜಾತಿಯೂ ನಾಲ್ಕು ಗಿಡ ಹಾಕಿದ್ದೆ. ಕೆಂಪು ಹಣ್ಣನ್ನು ಕುಕ್ಕುತ್ತಿದ್ದ ಪಿಕಳಾರ ಬಿಳಿಯ ಕಡೆ ತಲೆ ಹಾಕಲಿಲ್ಲ. ಮುಂದಿನ ಸಲ ಬಿಳಿಯೇ ಜಾಸ್ತಿ.

ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಇಪ್ಪತ್ತನಾಲ್ಕು ಕುಂಡಗಳಿಂದ ಅರ್ಧ ಕೆಜಿಗಿಂತ ಸ್ವಲ್ಪ ಮೇಲೆ ಸಿಕ್ಕಿರಬಹುದು. ಖರ್ಚು ಎರಡು ಸಾವಿರದ ಹತ್ತಿರ. ಕೆಜಿಗೆ ಎಷ್ಟು ಬಿತ್ತು ಅಂತ ದಯವಿಟ್ಟು ಕೇಳಬೇಡಿ. ಮನೆಯಲ್ಲೇ ಮಾಡಿದ ಗಡ್‌ಬಡ್ ಐಸ್‌ಕ್ರೀಂ ಮೇಲೆ ಹಾಕಿ ಅಕ್ಕನಿಗೂ ಒಂದು ಗ್ಲಾಸ್ ಕೊಟ್ಟೆ. ಏಸಿಯ ಮಾತು ಎತ್ತಲಿಲ್ಲ.

ಗಿಡ ಕಿತ್ತ ಕುಂಡಗಳಲ್ಲಿ ಈಗ ಅಲಸಂಡೆ ಉಂಟು. ಅಕ್ಕ ಸ್ಟ್ರಾಬೆರಿ ಬೀಜ ಕೇಳಿದ್ದಾರೆ. ಆಗಸ್ಟ್‌ನಲ್ಲಿ ಕೊಡುತ್ತೇನೆ, ಒಂದು ಚೆಂಡು ಮಲ್ಲಿಗೆಗೆ.