ಶಾಲಾ ಮೈದಾನದಲ್ಲಿ 200 ಮೀಟರ್ ಟ್ರ್ಯಾಕ್: ಅಂತರಶಾಲಾ ಕೂಟಕ್ಕೆ ನಾವು ಹಾಕುವ ರೀತಿ

ಬೆಂಗಳೂರಿನ ಎಲ್ಲ ಖಾಸಗಿ ಶಾಲೆಗಳಿಗೂ ಕಂಠೀರವ ಸ್ಟೇಡಿಯಂ ಸಿಗುವುದಿಲ್ಲ. ನಮ್ಮ ಕೂಟ ನಡೆಯುವುದು ಶಾಲೆಯ ಮಣ್ಣಿನ ಮೈದಾನದಲ್ಲೇ. ಆರು ಲೇನಿಗೆ 93 ಮೀ. ಉದ್ದ, 53 ಮೀ. ಅಗಲದ ಜಾಗ ಬೇಕು. ಹೊರಗೆ ಜನ ನಿಲ್ಲಲು ಇನ್ನಷ್ಟು. ಸಾಲದಿದ್ದರೆ ನಾಲ್ಕೇ ಲೇನ್ ಹಾಕಿ, ಒಂದೊಂದು ಲೇನಿನ 1.22 ಮೀ. ಅಗಲವನ್ನು ಮಾತ್ರ ಕಡಿಮೆ ಮಾಡಬೇಡಿ.

ಮೊದಲು 40 ಮೀ. ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಒಂದೊಂದು ಗೂಟದಿಂದ 18.90 ಮೀ. ತ್ರಿಜ್ಯದಲ್ಲಿ ಅರ್ಧವೃತ್ತ ಎಳೆದು, ನೇರ ಗೆರೆಗಳಿಂದ ಸೇರಿಸಿದರೆ ಒಂದನೇ ಲೇನಿನ ಒಳಗೆರೆ ಸಿಕ್ಕಿತು. ಓಟದ ದೂರ ಅಳೆಯುವುದು ಆ ಗೆರೆಯಿಂದ 20 ಸೆಂ.ಮೀ. ಹೊರಗೆ, ಅಲ್ಲಿಗೆ ಸುತ್ತು 200 ಮೀ. ಆಗುತ್ತದೆ. ನೇರ ಗೆರೆಗಳ ನಾಲ್ಕು ತುದಿಗಳ ನಡುವಿನ ಎರಡೂ ಕರ್ಣ 55.03 ಮೀ. ಬರಬೇಕು, ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಟ್ರ್ಯಾಕ್ ಸೊಟ್ಟಗಿದೆ ಎಂದೇ ಅರ್ಥ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ಅಳತೆಗೆ ಸ್ಟೀಲ್ ಟೇಪೇ ಇರಲಿ. ಸುಟ್ಟ ಸುಣ್ಣ ಬೇಡ, ಒದ್ದೆಯಾದರೆ ಚರ್ಮ, ಕಣ್ಣು ಸುಡುತ್ತದೆ. ಸೀಮೆಸುಣ್ಣದ ಪುಡಿ ಸಾಕು. ಅಕ್ಟೋಬರಿನ ಸಂಜೆ ಮಳೆ ಇಡೀ ಗೆರೆಯನ್ನು ತೊಳೆದುಬಿಡುತ್ತದೆ, ಹಾಗಾಗಿ ಮುಖ್ಯ ಬಿಂದುಗಳಲ್ಲಿ ಕೆಂಪು ಬಟ್ಟೆ ಕಟ್ಟಿದ ಮೊಳೆಯನ್ನು ತಲೆ ನೆಲದೊಳಗೆ ಹೋಗುವಂತೆ ಹೊಡೆದಿಡುತ್ತೇವೆ.

ಜಗಳ ಹುಟ್ಟುವುದು ಸ್ಟ್ಯಾಗರಿನಲ್ಲಿ, ಅಂದರೆ ಎಲ್ಲರೂ ಒಂದೇ ದೂರ ಓಡುವಂತೆ ಹೊರ ಲೇನಿನವರನ್ನು ಮುಂದೆ ನಿಲ್ಲಿಸುವ ಅಂತರದಲ್ಲಿ. ಒಂದು ಸುತ್ತಿನ ಓಟಕ್ಕೆ ಪ್ರತಿ ಲೇನನ್ನು ಅದರ ಒಳಗಿನ ಲೇನಿಗಿಂತ 7.67 ಮೀ. ಮುಂದೆ, ಅರ್ಧ ಸುತ್ತಿನ 100 ಮೀಟರಿಗೆ 3.83. ಒಳ ಅಂಚಿಗೆ ಎತ್ತರದ ಕಟ್ಟೆ ಇರುವ ದೊಡ್ಡ ಟ್ರ್ಯಾಕಿನ ಪಟ್ಟಿ ನೋಡಿ ಎರಡನೇ ಲೇನಿಗೆ 7.04 ಹಾಕುವವರಿದ್ದಾರೆ. ಸುಣ್ಣದ ಗೆರೆಗೆ ಅದು ಹೊಂದುವುದಿಲ್ಲ: ಒಂದನೇ ಲೇನಿನವನನ್ನು ಬಿಟ್ಟು ಮಿಕ್ಕವರೆಲ್ಲ 63 ಸೆಂ.ಮೀ. ಹೆಚ್ಚು ಓಡಿರುತ್ತಾರೆ. ಟೇಪನ್ನು ತಿರುವಿನ ಗುಂಟ ಬಾಗಿಸಿಯೇ ಅಳೆಯಬೇಕು.

ಸಮಯದ ವಿಷಯ. 100 ಮೀಟರಿನ ಸ್ಟಾರ್ಟ್ ಮೈದಾನದ ಆಚೆ ಮೂಲೆಯಲ್ಲಿ, ಫಿನಿಶಿನಿಂದ ಸುಮಾರು 55 ಮೀ. ದೂರ. ಸ್ಟಾರ್ಟ್ ಪಿಸ್ತೂಲಿನ ಶಬ್ದ ಕೇಳಿ ವಾಚ್ ಒತ್ತಿದರೆ ಸೆಕೆಂಡಿನ ಆರನೇ ಒಂದು ಭಾಗ ಹೋಯಿತು. ಹೊಗೆ ಕಂಡಾಗಲೇ ಒತ್ತಬೇಕು. ಮೂರು ವಾಚಿದ್ದರೆ ನಡುವಿನದು, ಎರಡೇ ಇದ್ದರೆ ಹೆಚ್ಚಿನ ಸಮಯ. 14.31 ಬಂದರೆ 14.4 ಎಂದು ಬರೆಯಬೇಕು, 14.3 ಅಲ್ಲ.

ಹದಿನಾಲ್ಕು ಶಾಲೆ, ತಲಾ ಇಬ್ಬರು ಎಂದರೆ 28 ಮಕ್ಕಳು, ಐದು ಹೀಟ್ಸ್ (ಫೈನಲ್‌ಗೆ ಮುಂಚಿನ ಸುತ್ತಿನ ಓಟಗಳು). ಗೆದ್ದ ಐವರ ಜೊತೆ ಉಳಿದವರಲ್ಲಿ ವೇಗದ ಒಬ್ಬರು ಫೈನಲ್‌ಗೆ. ಆ ಆರನೆಯವರ ಆಯ್ಕೆ ಬರೀ ವಾಚಿನ ಮೇಲೆ ನಿಂತಿರುವುದರಿಂದ ಎಲ್ಲ ಹೀಟ್ಸ್‌ಗೂ ಅದೇ ಮೂವರು ಟೈಮ್‌ಕೀಪರ್‌ಗಳು ಇರಲಿ.

ವಯಸ್ಸನ್ನು ಯಾವ ದಿನಾಂಕಕ್ಕೆ ಎಣಿಸುತ್ತೀರಿ, ಯಾವ ದಾಖಲೆ ತರಬೇಕು ಎಂಬುದನ್ನು ಸುತ್ತೋಲೆಯಲ್ಲೇ ಹಾಕಿ. ಬೆಳಿಗ್ಗೆ ಕಾಲ್ ರೂಮಿನಲ್ಲಿ (ಓಟಕ್ಕೆ ಮುಂಚೆ ಮಕ್ಕಳ ಹೆಸರು ಕರೆಯುವ ಜಾಗ) ಪಿ.ಟಿ. ಸರ್‌ಗಳ ಜೊತೆ ವಾದಕ್ಕೆ ನಿಲ್ಲುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ರಿಂಗ್ ರೋಡಿನ ಬಸ್ಸುಗಳು ಹೇಗೂ ತಡ, ಮೊದಲ ಗಂಟೆಗೆ ರಿಲೇ ಇಡಬೇಡಿ, ಉದ್ದಜಿಗಿತ ಇಡಿ. ಫಲಿತಾಂಶ ಘೋಷಿಸಿದ ಗಳಿಗೆಯನ್ನು ಬೋರ್ಡಿನಲ್ಲಿ ಬರೆಯಿರಿ, ಪ್ರೊಟೆಸ್ಟ್, ಅಂದರೆ ಆಕ್ಷೇಪಣೆ ಸಲ್ಲಿಸುವ 30 ನಿಮಿಷ ಎಣಿಸುವುದು ಅಲ್ಲಿಂದಲೇ.